ಗಮನಕ್ಕೆ ಬಂದಿರುವುದಿಲ್ಲ

ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತಿದ್ದಾಗ ತಾನು ಸರ್ಕಾರವೋ ಅಲ್ಲವೋ ಎಂಬ ಪ್ರಶ್ನೆ ಅವನಿಗೆ ಹುಟ್ಟಿದ್ದು ಸದನದ ಮೆಟ್ಟಿಲು ಹತ್ತುವಾಗ. ಹುಟ್ಟಿದ ಮೇಲೆ ಅದು ಒಂದು ಮೂಲೆ ಹಿಡಿದು ಸುಮ್ಮನೆ ಕೂರಬಹುದಿತ್ತು, ಕೂರಲಿಲ್ಲ. ಮನೆಯ ಬೆಕ್ಕಿನ ಹಾಗೆ ಕಾಲುಕಾಲಿಗೆ ಅಡ್ಡ ಬರತೊಡಗಿತು. ಅವನ ಕಂಕುಳಲ್ಲಿ ಆರೈಕೆ ಇಲಾಖೆಯ ಇವತ್ತಿನ ಉತ್ತರಗಳ ಕಡತವಿತ್ತು. ಸ್ವಲ್ಪ ಮುಂದೆ ಅವನ ಮೇಲಧಿಕಾರಿ, ಇಲಾಖೆಯ ನಿರ್ದೇಶಕರು, ಹೊಸ ಷೂ ಕಿರುಗುಟ್ಟಿಸುತ್ತ ಹತ್ತುತ್ತಿದ್ದರು. ಆ ಸದ್ದಿಗೆ ತಮಗೇ ನಾಚಿಕೆಯಾಗಿ ತುದಿಗಾಲಲ್ಲಿ ನಡೆಯುತ್ತಿದ್ದುದರಿಂದ ಅಷ್ಟು ದೊಡ್ಡ ಅಧಿಕಾರಿ ಯಾರದೋ ಮನೆಗೆ ಕನ್ನ ಹಾಕಲು ಹೊರಟವರಂತೆ ಕಾಣುತ್ತಿದ್ದರು. ಬೇರೆ ದಿನವಾಗಿದ್ದರೆ ಅವನು ಒಳಗೊಳಗೇ ನಕ್ಕು, ಸಂಜೆ ಹೆಂಡತಿಗೆ ಹೇಳಲು ಎತ್ತಿಟ್ಟುಕೊಳ್ಳುತ್ತಿದ್ದ. ಇವತ್ತು ನಗು ಬಂದರೂ ಅರ್ಧದಲ್ಲೇ ನಿಂತಿತು.

ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಓದುವ ಉತ್ತರಗಳನ್ನು ಬರೆಯುವುದು ಅವನ ಕೆಲಸ. ಕಚೇರಿಯಲ್ಲಿ ಅವನಿಗೆ ಉತ್ತರದ ಸಾಹೇಬರೆಂದೇ ಹೆಸರು. ಮಂತ್ರಿಗಳು ಬಂದರು, ಹೋದರು, ಒಬ್ಬರಂತೂ ಕುರ್ಚಿ ಬಿಸಿಯಾಗುವ ಮುಂಚೆಯೇ ಹೋದರು. ಅವನ ಉತ್ತರಗಳು ಮಾತ್ರ ಎಲ್ಲರ ಬಾಯಲ್ಲೂ ಒಂದೇ ರುಚಿಯಲ್ಲಿ ಹೊರಬಂದವು. ಸದಸ್ಯರ ಪ್ರಶ್ನೆಗೆ ಯಾವಾಗಲೂ ಎರಡು ಕಾಲು. ಇಂಥದೊಂದು ಸಂಗತಿ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಸರ್ಕಾರ ಕೈಗೊಂಡ ಕ್ರಮಗಳೇನು? ಮೊದಲನೆಯ ಕಾಲಿಗೆ 'ಬಂದಿರುವುದಿಲ್ಲ' ಎಂದು ಒಂದು ಏಟು ಹಾಕಿದರೆ ಸಾಕು, ಎರಡನೆಯದು ತಾನಾಗಿ ಮಡಚಿಕೊಳ್ಳುತ್ತದೆ. ಅದರ ಮುಂದೆ 'ಪ್ರಶ್ನೆ ಉದ್ಭವಿಸುವುದಿಲ್ಲ' ಎಂದು ಬರೆಯುವಾಗ ಅವನಿಗೆ ಆಗುತ್ತಿದ್ದ ಸಂತೋಷ, ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಾಗಿನ ಸಂತೋಷ. ಒಂದು ಉತ್ತರದಲ್ಲಿ ಸುಳ್ಳು ಇರಕೂಡದು, ನಿಜವೂ ಅಗತ್ಯಕ್ಕಿಂತ ಹೆಚ್ಚಿರಕೂಡದು ಎಂದು ಅವನು ಹೊಸದಾಗಿ ಸೇರಿದವರಿಗೆ ಪಾಠ ಹೇಳುವುದಿತ್ತು. ಮನೆಯಲ್ಲಿ ಹೆಂಡತಿ, "ರೀ, ಕಿಟಕಿ ಚಿಲಕ ಯಾವಾಗ ಹಾಕಿಸ್ತೀರಿ?" ಅಂದರೆ "ಪರಿಶೀಲನೇಲಿದೆ" ಎನ್ನುವನು. ಮೊದಮೊದಲು ಅವಳಿಗೆ ಅದು ತಮಾಷೆಯಾಗಿತ್ತು. ಆಮೇಲೆ ಚಿಲಕವನ್ನು ಅವಳೇ ಹಾಕಿಸಿದಳು.

ಇವತ್ತಿನ ಪ್ರಶ್ನೆ ಕೇಳಿದವರು ವಿರೋಧ ಪಕ್ಷದ ವಕೀಲರು. ಕಂಚಿನ ಕಂಠ, ಮೈಕು ಇದ್ದರೂ ಅದರ ಅಗತ್ಯವಿಲ್ಲದವರು. ನಗರದ ಸಾರ್ವಜನಿಕ ಹಗಲು ಆರೈಕೆ ಕೇಂದ್ರದಲ್ಲಿ ನೀರು ಕಾಯಿಸುವ ಬಾಯ್ಲರು ಕೆಟ್ಟು, ವೃದ್ಧರಿಗೆ ಸ್ನಾನವೇ ಇಲ್ಲದಿದ್ದರೂ ಸ್ನಾನದ ಶುಲ್ಕವನ್ನು ಅವರ ಪಿಂಚಣಿಯಿಂದ ಹಿಡಿಯುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಅವನು ಎಂದಿನಂತೆ ಕಡತ ತರಿಸಿ ನೋಡಿದ. ದೂರಿನ ಪತ್ರ ಇರಲಿಲ್ಲ. ಕೇಂದ್ರದ ಮೇಲ್ವಿಚಾರಕರ ವರದಿಯಲ್ಲಿ ಬಾಯ್ಲರಿನ ಮಾತೇ ಇರಲಿಲ್ಲ. ತೋಟದಲ್ಲಿ ಹೊಸ ಬೆಂಚು ಹಾಕಿಸಿದ್ದರ ವರ್ಣನೆ ಮಾತ್ರ ಬಹಳ ಚೆನ್ನಾಗಿತ್ತು. ಕಾಗದದ ಮಟ್ಟಿಗೆ ಸರ್ಕಾರಕ್ಕೆ ಏನೂ ಗೊತ್ತಿರಲಿಲ್ಲ. ಅವನು 'ಬಂದಿರುವುದಿಲ್ಲ' ಎಂದು ಬರೆದ. ಕೆಳಗೆ 'ಉದ್ಭವಿಸುವುದಿಲ್ಲ' ಎಂದು ಬರೆದ. ಇಸ್ತ್ರಿ ಅಂಗಿಯ ಸಂತೋಷ ಈ ಸಲ ಆಗಲಿಲ್ಲ. ಕಾಲರಿನ ಹತ್ತಿರ ಏನೋ ಚುಚ್ಚಿತು.

ಯಾಕೆಂದರೆ ಅವನ ಅಮ್ಮ ಅದೇ ಕೇಂದ್ರಕ್ಕೆ ಹೋಗುತ್ತಿದ್ದಳು. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಹಗಲು ಒಬ್ಬಳೇ ಮನೆಯಲ್ಲಿರುವುದು ಬೇಡವೆಂದು ಅವನೂ ಹೆಂಡತಿಯೂ ಮಾತಾಡಿಕೊಂಡು ಸೇರಿಸಿದ್ದರು. ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಿತ್ತು. ಅಮ್ಮ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಹಬೆ, ಸೋಪು, ಕುದಿಯುವ ನೀರು ಇವುಗಳ ನಡುವೆ ಆಯುಷ್ಯ ಕಳೆದವಳಿಗೆ ಬಿಸಿನೀರಿನ ಸ್ನಾನವಿಲ್ಲದ ದಿನ ದಿನವೇ ಅಲ್ಲ. ಕೇಂದ್ರದಲ್ಲಿ ಸ್ನಾನ ನಿಂತ ಮೇಲೆ ಅವಳ ಸ್ನಾನ ಮನೆಯಲ್ಲೇ, ಅದೂ ವ್ಯಾನು ಬರುವ ಮುಂಚೆ ಆಗಬೇಕಾಯಿತು. ಹೆಂಡತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೇ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನು ತಿಕ್ಕಿ ನೀರು ಹಾಕುವಳು. ಒಳಗಿನಿಂದ ಇಬ್ಬರ ನಗು, ಬೈಗುಳ, ಚೊಂಬಿನ ಸದ್ದು. ಅವನು ಹೊರಗೆ ಟವೆಲು ಹೆಗಲಿಗೆ ಹಾಕಿಕೊಂಡು ಕಾದು ಕಾದು, ಕೊನೆಗೆ ಅಡುಗೆಮನೆಯ ಸಿಂಕಿನಲ್ಲಿ ಹಲ್ಲುಜ್ಜುವುದನ್ನು ರೂಢಿ ಮಾಡಿಕೊಂಡ. ಅಂಥದೊಂದು ಬೆಳಗ್ಗೆ ಅಮ್ಮ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಕೋಲೂರಿಕೊಂಡು, ಬಂದು ಅವನ ಪಕ್ಕ ನಿಂತಳು. "ಅಲ್ಲಪ್ಪಾ, ಅಲ್ಲಿ ಬಾಯ್ಲರು ಕೆಟ್ಟು ಎಷ್ಟು ದಿನ ಆಯ್ತು! ಒಬ್ಬರಿಗೂ ಸ್ನಾನ ಇಲ್ಲ, ದುಡ್ಡು ಮಾತ್ರ ತಪ್ಪದೆ ಹಿಡೀತಾರೆ. ಮಾಡದೇ ಇರೋ ಸ್ನಾನಕ್ಕೆ ಯಾವ ದುಡ್ಡು? ನೀನು ಅದೇ ಇಲಾಖೇಲಿ ಇದ್ದೀಯಲ್ಲ, ಯಾರಿಗಾದ್ರೂ ಒಂದು ಮಾತು ಹೇಳಬಾರದಾ?" ಅಂದಳು. ಅವನ ಬಾಯಿ ತುಂಬ ನೊರೆ. ನೋಡೋಣ ಅಂದ. ಅದು ನೋಡೋಣ ಎಂದು ಕೇಳಿಸಿತೋ ಬರೀ ಗುಳುಗುಳು ಎಂದು ಕೇಳಿಸಿತೋ, ಅಮ್ಮ ತಲೆಯಾಡಿಸಿ ಹೋದಳು.

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಅವನು ನೋಡಲೂ ಇಲ್ಲ. ನೋಡಬಾರದೆಂದೇನೂ ಅಲ್ಲ. ನಿರ್ದೇಶಕರ ಕೋಣೆಯ ಬಾಗಿಲ ತನಕ ಒಮ್ಮೆ ಹೋಗಿದ್ದ. ಒಳಗೆ ಹೋಗಿ ಏನೆಂದು ಹೇಳುವುದು? ಸರ್, ನಮ್ಮಮ್ಮನಿಗೆ ಸ್ನಾನ ಆಗ್ತಿಲ್ಲ, ಎಂದೇ? ಇಲಾಖೆಯ ಎಲ್ಲರ ಮುಂದೆ ನೆಟ್ಟಗೆ ಓಡಾಡುವ ಮನುಷ್ಯ ತನ್ನ ತಾಯಿಯ ಸ್ನಾನದ ಮಾತಾಡುವುದೆಂದರೆ ತಾನೇ ಟವೆಲು ಸುತ್ತಿಕೊಂಡು ಒಳಗೆ ಹೋದಷ್ಟು ಮುಜುಗರ. ಸ್ವಂತದ ವಿಷಯ ತಂದ ಅಂದುಕೊಂಡಾರು. ಅಥವಾ ಸಾಹೇಬರ ತಾಯಿ ಸರ್ಕಾರಿ ಕೇಂದ್ರಕ್ಕೆ ಹೋಗ್ತಾರಂತೆ, ಖಾಸಗಿಯಲ್ಲಿ ಇಡಲು ಗತಿಯಿಲ್ಲವಂತೆ ಎಂದಾರು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವನು, ಒಳಗಿನಿಂದ ಯಾರೋ ಕೆಮ್ಮಿದ್ದು ಕೇಳಿಸಿ, ಹಿಡಿಕೆಯನ್ನು ಒರೆಸಿದವನಂತೆ ನಟಿಸಿ ವಾಪಸು ಬಂದಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಧಿಕಾರಿಗಳು ಕೂರುವ ಜಾಗ ಮಂತ್ರಿಗಳ ಬೆಂಚಿನ ಹಿಂದೆ, ಮರದ ಕಟಕಟೆಯೊಳಗೆ. ಅಲ್ಲಿಂದ ಮಾತಾಡುವಂತಿಲ್ಲ, ನಗುವಂತಿಲ್ಲ, ಕೆಮ್ಮುವುದಾದರೂ ಕರವಸ್ತ್ರದೊಳಗೆ. ಮಂತ್ರಿಗಳಿಗೆ ಏನಾದರೂ ತಿಳಿಸಬೇಕೆಂದರೆ ಚೀಟಿ ಬರೆದು ಸದನದ ಸೇವಕನ ಕೈಗೆ ಕೊಡಬೇಕು. ಈಗಿನ ಮಂತ್ರಿ ಹೊಸಬರು. ರಾಜಕೀಯಕ್ಕೆ ಬರುವ ಮುಂಚೆ ದನದ ಡಾಕ್ಟರಾಗಿದ್ದ ಹೆಂಗಸು. ಅಗಲ ಭುಜ, ದೊಡ್ಡ ನಗು, ಯಾರೇ ಎದುರು ಬಂದರೂ ಮೊದಲು ಅವರು ಹೇಗೆ ನಡೆಯುತ್ತಾರೆಂದು ನೋಡುವ ಅಭ್ಯಾಸ. ಮೊದಲ ದಿನವೇ ಅವನಿಗೆ ಹೇಳಿದ್ದರು: "ನಾನು ಹಿಂದೆ ತಿರುಗಿ ಕಿವಿ ಮುಟ್ಕೊಂಡ್ರೆ ನನಗೆ ಗೊತ್ತಾಗ್ತಿಲ್ಲ ಅಂತ ಅರ್ಥ. ನೀವು ಗೊತ್ತಿದ್ದದ್ದನ್ನ ಬರೆದು ಕಳಿಸಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಾನೇ ಕಳಿಸಿ, ಕತೆ ಕಟ್ಟಬೇಡಿ." ಅವನು ಹಾಗೆಯೇ ಆಗಲಿ ಎಂದಿದ್ದ. ಗೊತ್ತಿಲ್ಲ ಎಂದು ಬರೆದುಕೊಟ್ಟ ಚೀಟಿ ಅವನ ಜೀವಮಾನದಲ್ಲಿ ಒಂದೂ ಇರಲಿಲ್ಲವೆಂಬುದನ್ನು ಹೇಳಿರಲಿಲ್ಲ.

ಕುಳಿತು ಕನ್ನಡಕ ಒರೆಸಿ ತಲೆಯೆತ್ತಿದ. ಎದುರಿನ ಮೇಲಂತಸ್ತಿನ ಸಾರ್ವಜನಿಕರ ಗ್ಯಾಲರಿಯಲ್ಲಿ ಮೊದಲ ಸಾಲೆಲ್ಲ ಬೆಳ್ಳಗಿನ ತಲೆಗಳು. ಯಾವುದೋ ಹಿರಿಯರ ಪ್ರವಾಸ ಎಂದುಕೊಂಡ. ಆ ಸಾಲಿನ ನಡುವಿನಿಂದ ನೀಲಿ ಸ್ವೆಟರಿನ ಒಂದು ಕೈ ಮೇಲೆದ್ದು, ಬಸ್ಸು ನಿಲ್ಲಿಸುವಷ್ಟು ಜೋರಾಗಿ ಅವನತ್ತ ಬೀಸಿತು. ಆ ಸ್ವೆಟರನ್ನು ಅವನೇ ಕೊಡಿಸಿದ್ದು. ಬೆಳಗ್ಗೆ ಅಮ್ಮ ಏನೋ ಹೇಳಿದ್ದಳು, ಇವತ್ತು ನಾವೆಲ್ಲ ಹೊರಗೆ ಹೋಗ್ತಿದ್ದೀವಿ, ವಕೀಲರು ವ್ಯಾನು ಮಾಡಿಸಿದ್ದಾರೆ, ಎಲ್ಲಿಗೆ ಹೇಳು ನೋಡೋಣ ಎಂದು ಏನೇನೋ. ಅವನು ಹೂಂ ಅಂದಿದ್ದ. ಬ್ರಷ್ಷೂ ಇರಲಿಲ್ಲ ಆಗ ಬಾಯಲ್ಲಿ, ಬರೀ ಹೂಂ. ಗ್ಯಾಲರಿಯ ಕಾವಲುಗಾರ ಬಂದು ಅಮ್ಮನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಅಮ್ಮ ಅವನಿಗೂ ಏನೋ ವಿವರಿಸಿ ಹೇಳಿ, ಅಧಿಕಾರಿಗಳ ಕಟಕಟೆಯತ್ತ ಬೆರಳು ತೋರಿಸಿದಳು. ಕಾವಲುಗಾರ ನಕ್ಕು ಸೆಲ್ಯೂಟು ಹೊಡೆದ. ಅವನು ಕಡತದೊಳಕ್ಕೆ ಮುಖ ಹುದುಗಿಸಿದ. ನಿರ್ದೇಶಕರು, "ಯಾರದು, ನಿಮ್ಮ ಪರಿಚಯದವರಾ?" ಎಂದು ಪಿಸುಗುಟ್ಟಿದರು. "ಅಲ್ಲಿ ಯಾರೋ..." ಎಂದ ಅವನು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಇದೂ ಒಂದು ಉತ್ತರವೇ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಪ್ರಶ್ನೆ ಬಂತು. ಮಂತ್ರಿಗಳು ಎದ್ದು, ಕಾಗದ ಹಿಡಿದು, "ಬಂದಿರುವುದಿಲ್ಲ" ಎಂದರು. "ಉದ್ಭವಿಸುವುದಿಲ್ಲ" ಎಂದರು. ಕುಳಿತರು. ಇಷ್ಟು ವರ್ಷ ಈ ಎರಡು ಮಾತುಗಳನ್ನು ಎಷ್ಟೋ ಸಲ ಕೇಳಿದ್ದವನಿಗೆ ಇವತ್ತು ಮೊದಲ ಬಾರಿಗೆ ಮೇಲಿನ ಗ್ಯಾಲರಿಯಲ್ಲಿ ಕುಳಿತು ಕೇಳಿದಂತಾಯಿತು. ಅಲ್ಲಿಂದ ಕೇಳಿದರೆ ಅದು ಎಷ್ಟು ದೂರದ, ಎಷ್ಟು ಚೊಕ್ಕಟವಾದ ಸದ್ದು! ಹಿಂದೊಮ್ಮೆ ಆಸ್ಪತ್ರೆಯ ಕೌಂಟರಿನಲ್ಲಿ ಅಮ್ಮನ ಮೊಣಕೈ ಹಿಡಿದು ನಿಂತಿದ್ದಾಗ ಒಳಗಿದ್ದವನು ತಲೆಯೆತ್ತದೆಯೇ ನಾಳೆ ಬನ್ನಿ ಎಂದಿದ್ದ. ಅಮ್ಮ ಆಗಲೂ ಅವನಿಗೆ ಒಳ್ಳೆಯದಾಗಲಪ್ಪ ಎಂದಿದ್ದಳು. ತಾನು ಮಾತ್ರ ಮನೆಗೆ ಬರುವ ತನಕ ಉರಿದುಬಿದ್ದಿದ್ದ. ಎಂಥ ಜನ, ತಲೆಯೆತ್ತಿ ನೋಡಬಾರದೇ ಎಂದಿದ್ದ. ಈಗ ಕಡತದೊಳಗಿನಿಂದ ತಲೆಯೆತ್ತಲು ಅವನಿಗೇ ಆಗುತ್ತಿರಲಿಲ್ಲ.

ವಕೀಲರು ಎದ್ದರು. ಪೂರಕ ಪ್ರಶ್ನೆ ಕೇಳುವ ಮುಂಚೆ ಅವರಿಗೆ ಕೋಟಿನ ಗುಂಡಿ ಹಾಕಿ ತೆಗೆಯುವ ಅಭ್ಯಾಸ. "ಸಭಾಧ್ಯಕ್ಷರೇ, ಆ ಕೇಂದ್ರದ ಹಿರಿಯರು ಇವತ್ತು ಗ್ಯಾಲರಿಯಲ್ಲೇ ಇದ್ದಾರೆ. ಬರುವ ದಾರಿಯಲ್ಲಿ ಒಬ್ಬೊಬ್ಬರನ್ನೂ ಕೇಳಿದೆ, ಇದನ್ನು ಸರ್ಕಾರದ ಯಾರಿಗಾದರೂ ಹೇಳಿದ್ದೀರಾ ಅಂತ. ಇಲ್ಲ ಅಂದರು. ಅದರಲ್ಲೂ ಒಬ್ಬ ತಾಯಿ, ಎಲ್ಲರಿಗಿಂತ ಗಟ್ಟಿಯಾಗಿ ಇಲ್ಲ ಅಂದರು. ಯಾರಿಗೆ ಹೇಳಬೇಕು ಅಂತಾನೇ ಗೊತ್ತಿಲ್ಲದ ಜನ ಇವರು. ಮಂತ್ರಿಗಳಿಗೆ ನನ್ನದೊಂದೇ ಪ್ರಶ್ನೆ. ನಿಮ್ಮ ಗಮನ ಅನ್ನೋದು ಎಲ್ಲಿದೆ? ಅದರ ವಿಳಾಸ ಕೊಡಿ. ನಾನೇ ಇವರನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ." ಸದನ ನಕ್ಕಿತು. ಆಡಳಿತ ಪಕ್ಷದವರೂ ನಕ್ಕರು.

ನಿರ್ದೇಶಕರು ಮೊಣಕೈಯಿಂದ ಅವನನ್ನು ತಿವಿದರು. "ಬಚಾವಾದ್ವಿ. ಅವರೇ ಯಾರಿಗೂ ಹೇಳಿಲ್ಲ ಅಂತ ಒಪ್ಕೊಂಡ್ರು. ನಮ್ಮ ಉತ್ತರ ಸರಿಯಾಯ್ತಲ್ಲ!" ನಿಜ, ಉತ್ತರ ಸರಿಯಾಯಿತು. ಇದಕ್ಕಿಂತ ಸರಿಯಾಗಲು ಸಾಧ್ಯವೇ ಇರಲಿಲ್ಲ. ಯಾವ ಒಬ್ಬಳ ಬಾಯಿ ಅವನ ಉತ್ತರವನ್ನು ಸುಳ್ಳು ಮಾಡಬಹುದಿತ್ತೋ ಆ ಬಾಯಿಯೇ ಗಟ್ಟಿಯಾಗಿ ಇಲ್ಲ ಎಂದಿತ್ತು. ಆ ತಾಯಿ ಯಾರೆಂದು ಅವನು ಕೇಳಬೇಕಾಗಿರಲಿಲ್ಲ. ಗಟ್ಟಿಯಾಗಿ ಹೇಳುವುದು ಅವಳಿಗೆ ಆಸ್ಪತ್ರೆಯ ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಬಂದ ಅಭ್ಯಾಸ. ಮೇಲೆ ನೋಡಿದ. ಇಷ್ಟು ಹೊತ್ತು ಅವನತ್ತಲೇ ನೋಡುತ್ತಿದ್ದ ಅಮ್ಮ ಈಗ ಅವನನ್ನು ನೋಡುತ್ತಿರಲಿಲ್ಲ. ಚಾವಣಿಯ ಫ್ಯಾನನ್ನು, ಅದೇನೋ ಬಹಳ ಮುಖ್ಯವಾದ ಫ್ಯಾನು ಎಂಬಂತೆ ನೋಡುತ್ತಿದ್ದಳು. ಅವನು ಚಿಕ್ಕವನಿದ್ದಾಗ ಪಕ್ಕದ ಮನೆಯ ಗಾಜು ಒಡೆದು ಮಂಚದ ಕೆಳಗೆ ಸೇರಿಕೊಂಡಿದ್ದಾಗ, ಬಾಗಿಲಿಗೆ ಬಂದವರ ಎದುರು ಅವಳು ಹೀಗೆಯೇ ಚಾವಣಿ ನೋಡುತ್ತ, ನಮ್ಮ ಹುಡುಗ ಮನೇಲೇ ಇಲ್ಲವಲ್ಲ ಎಂದಿದ್ದಳು. ಮಂಚದ ಕೆಳಗೆ ಧೂಳಿನ ವಾಸನೆ; ಎದುರಿಗೆ ಅವಳ ಹಿಮ್ಮಡಿಗಳು. ಆಗ ಅದು ಎಷ್ಟು ಹಾಯಾಗಿತ್ತು. ಈಗ ಮೀಸೆ ನರೆತ ಗಂಡಸು ಮರದ ಕಟಕಟೆಯೊಳಗೆ ಕೂತು, ಮತ್ತೆ ಅಮ್ಮನ ಹಿಮ್ಮಡಿ ನೋಡುತ್ತಿರುವಂತೆ ಅನ್ನಿಸಿ, ಮೈಯೆಲ್ಲ ಕುಗ್ಗಿಹೋಯಿತು.

ಮಂತ್ರಿಗಳು ಹಿಂದೆ ತಿರುಗಿದರು. ಕಿವಿ ಮುಟ್ಟಿಕೊಂಡರು.

"ಪರಿಶೀಲಿಸಲಾಗುವುದು ಅಂತ ಬರೀರಿ," ನಿರ್ದೇಶಕರು ಪಿಸುಗುಟ್ಟಿದರು. ಅವನು ಚೀಟಿ ತೆಗೆದ. ಪೆನ್ನು 'ಪರಿ' ಎಂದು ತಾನಾಗಿಯೇ ಬರೆದುಬಿಟ್ಟಿತು. ಅಷ್ಟು ಪಳಗಿದ ಪೆನ್ನು. ಅದನ್ನು ಹೊಡೆದುಹಾಕಿದ. ಬ್ರಷ್ಷು ಬಾಯಲ್ಲಿದ್ದಾಗ ತಾನು ಸರ್ಕಾರವೋ ಅಲ್ಲವೋ ಎಂಬುದು ಈಗಲೂ ಇತ್ಯರ್ಥವಾಗಿರಲಿಲ್ಲ. ಆದರೆ ಇತ್ಯರ್ಥವಾಗುವ ತನಕ ಕಾಯುವಷ್ಟು ಹೊತ್ತು ಮಂತ್ರಿಗಳು ಕಿವಿ ಹಿಡಿದುಕೊಂಡಿರುವಂತಿರಲಿಲ್ಲ. ಬರೆದ: 'ಮೇಡಂ, ಉತ್ತರ ತಪ್ಪು. ನನಗೆ ಗೊತ್ತಿತ್ತು. ನನ್ನ ತಾಯಿ ಹೇಳಿದ್ದರು. ನಾನು ಯಾರಿಗೂ ತಿಳಿಸಲಿಲ್ಲ.' ಬರೆದದ್ದನ್ನು ಓದಿ ನೋಡಿದ. ನಾಲ್ಕೂ ವಾಕ್ಯ ಬೆತ್ತಲೆ. ತಿದ್ದಲು ಕೈ ತುರಿಸಿತು. ಅಷ್ಟರಲ್ಲಿ ಸೇವಕ ಬಂದು ಚೀಟಿ ಕಿತ್ತುಕೊಂಡಂತೆ ತೆಗೆದುಕೊಂಡು ಹೋದ. ನಿರ್ದೇಶಕರು ಅವನ ಹೆಗಲ ಮೇಲಿಂದ ಇಣುಕಿ ಓದಿದ್ದರು. ಅವರ ಷೂ ಒಂದು ಸಲ ಕಿರ್ರೆಂದಿತು.

ಮಂತ್ರಿಗಳು ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಅವನತ್ತ ತಿರುಗಿ ನೋಡಿದ ನೋಟ, ಎಲ್ಲಿ ನೋಯುತ್ತಿದೆಯೆಂದು ಹೇಳಲಾರದ ಎತ್ತನ್ನು ನೋಡುವ ಡಾಕ್ಟರ ನೋಟ. ಆಮೇಲೆ ಚೀಟಿಯನ್ನು ಮಡಚಿ ಹಿಡಿದುಕೊಂಡು ಎದ್ದರು. ಅವನು ಕಣ್ಣು ಮುಚ್ಚಿಕೊಂಡ. ಹೆಸರು ಹೇಳುತ್ತಾರೆ. ಹೇಳಲೇಬೇಕು. ತಪ್ಪು ಅವನದು, ಬಾಯಿ ಮಾತ್ರ ಅವರದು.

"ಸಭಾಧ್ಯಕ್ಷರೇ," ಎಂದರು ಮಂತ್ರಿಗಳು, "ಈಗಷ್ಟೇ ನಾನು ಕೊಟ್ಟ ಉತ್ತರ ತಪ್ಪು. ಅದನ್ನ ವಾಪಸ್ ತಗೋತೀನಿ. ಈ ವಿಷಯ ನನ್ನ ಇಲಾಖೆಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆದ್ರೆ ನನ್ನ ಇಲಾಖೆಗೆ ಗೊತ್ತಿದ್ರೆ ನನಗೆ ಗೊತ್ತಿದ್ದ ಹಾಗೇನೇ ಲೆಕ್ಕ. ನಾನು ಕೇಳಿ ತಿಳ್ಕೋಬೇಕಿತ್ತು. ಇವತ್ತಿನಿಂದ ಬಾಯ್ಲರು ಸರಿಯಾಗೋ ತನಕ ಸ್ನಾನದ ಶುಲ್ಕ ಇಲ್ಲ. ಹಿಡಿದಿರೋದನ್ನ ವಾಪಸ್ ಕೊಡ್ತೀವಿ. ಕೊಟ್ಟ ಮೇಲೆ ಸದನಕ್ಕೆ ಬಂದು ಹೇಳ್ತೀನಿ."

ವಕೀಲರು ಎದ್ದು ನಿಂತಿದ್ದರು. ಕೈಯಲ್ಲಿ ದಪ್ಪನೆಯ ಭಾಷಣ. ಮಂತ್ರಿಗಳು ತಪ್ಪಿಸಿಕೊಳ್ಳುತ್ತಾರೆ, ಹಿಡಿದು ಜಗ್ಗಬೇಕು ಎಂದು ರಾತ್ರಿಯಿಡೀ ಬರೆದಿದ್ದಿರಬೇಕು. ಎದುರಿನವರು ಹಗ್ಗವನ್ನೇ ಬಿಟ್ಟುಬಿಟ್ಟಾಗ ಜಗ್ಗಲು ಬಂದವನು ಎಲ್ಲಿ ನಿಲ್ಲಬೇಕು? ಗುಂಡಿ ಹಾಕಿದರು, ತೆಗೆದರು. ಕೊನೆಗೆ, "ಗೊತ್ತಿದ್ದೂ ಮುಚ್ಚಿಟ್ಟ ಆ ಅಧಿಕಾರಿ ಯಾರು? ಸದನಕ್ಕೆ ಹೆಸರು ಹೇಳಿ!" ಎಂದು ಗುಡುಗಿದರು. ಮಂತ್ರಿಗಳು ಕೂತಿದ್ದವರು ಮತ್ತೆ ಎದ್ದರು. "ಹೆಸರು ನನ್ನದೇ. ಇಲ್ಲಿ ಉತ್ತರ ಕೊಡಬೇಕಾದವಳು ನಾನು. ಕಟಕಟೆ ಒಳಗಿರೋರಿಗೆ ಇಲ್ಲಿ ಮಾತಾಡೋ ಹಕ್ಕಿಲ್ಲ. ಮಾತಾಡೋ ಹಕ್ಕಿಲ್ಲದವರ ಮೇಲೆ ತಪ್ಪು ಹೊರಿಸೋದು ನನಗೆ ಬರಲ್ಲ. ಬೈಯೋದಾದ್ರೆ ನನ್ನ ಬೈಯಿರಿ, ಗಟ್ಟಿ ಚರ್ಮ ನನ್ನದು." ಮೇಜು ತಟ್ಟುವ ಸದ್ದು ಎರಡೂ ಕಡೆಯಿಂದ ಬಂತು. ಸಭಾಧ್ಯಕ್ಷರು ನಗು ತಡೆಯುತ್ತ ಮುಂದಿನ ಪ್ರಶ್ನೆ ಎಂದರು. ಅದು ಮೀನುಗಾರಿಕೆಯದು.

ಅವನಿಗೆ ಅಳು ಬಂತು. ಇಷ್ಟು ವರ್ಷ ಅವನು ಮಂತ್ರಿಗಳನ್ನು ಕಾಪಾಡುವುದೇ ತನ್ನ ಕೆಲಸವೆಂದುಕೊಂಡು ಮಾತಿನ ಕೊಡೆ ಹಿಡಿದು ನಿಂತಿದ್ದ. ಒಬ್ಬ ಮಂತ್ರಿ ತಾವೇ ಹೊರಗೆ ಬಂದು ನೆನೆದು, ಅವನನ್ನು ಕೊಡೆಯ ಕೆಳಗೆ ನಿಲ್ಲಿಸಿದ್ದು ಇದೇ ಮೊದಲು. ಕರವಸ್ತ್ರದೊಳಗೆ ಕೆಮ್ಮಿದ. ಮೇಲೆ ನೋಡುವ ಧೈರ್ಯ ಬಂದು ನೋಡಿದರೆ, ಗ್ಯಾಲರಿಯ ಆ ಸಾಲಿಗೆ ಸಾಲೇ ಅಮ್ಮನತ್ತ ತಿರುಗಿ ಕೂತಿತ್ತು. ಅಮ್ಮ ಸ್ವೆಟರಿನ ಗುಂಡಿ ಎಣಿಸುತ್ತಿದ್ದಳು.

ಮಧ್ಯಾಹ್ನದ ಬಿಡುವಿನಲ್ಲಿ ಮಂತ್ರಿಗಳು ಅವನನ್ನು ತಮ್ಮ ಕೋಣೆಗೆ ಕರೆಸಿದರು. ಬಿಸ್ಕತ್ತು ತಿನ್ನುತ್ತಿದ್ದರು. ಕೂರಲು ಹೇಳಲಿಲ್ಲ, ಆದರೆ ಬಿಸ್ಕತ್ತಿನ ತಟ್ಟೆಯನ್ನು ಅವನತ್ತ ತಳ್ಳಿದರು. "ನನಗೆ ಸಿಟ್ಟು ಬಂದಿದೆ," ಎಂದರು. "ದನಗಳಿಗೆ ಮಾತು ಬರಲ್ಲ, ಅದಕ್ಕೆ ನಾನು ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ತಿದ್ದೆ. ನಿಮಗೆ ಮಾತು ಬರುತ್ತೆ ಅಂತ ಮುಟ್ಟಿ ನೋಡ್ಲಿಲ್ಲ. ಎಂಥಾ ಮಾತು ಬರುತ್ತೆ ನಿಮಗೆ! ಬಂದಿರುವುದಿಲ್ಲ, ಉದ್ಭವಿಸುವುದಿಲ್ಲ!" ಅವನು ತಲೆ ತಗ್ಗಿಸಿದ. "ತಾಯಿ ಹೇಳಿದ್ದು ಯಾವಾಗ?" "ಹಲ್ಲುಜ್ಜುವಾಗ, ಮೇಡಂ." ಮಂತ್ರಿಗಳು ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು. ಬಿಸ್ಕತ್ತು ಗಂಟಲಿಗೆ ಸಿಕ್ಕಿತು. ನೀರು ಕುಡಿದು, ಕಣ್ಣೊರೆಸಿಕೊಂಡು, "ನಿರ್ದೇಶಕರು ನಿಮಗೆ ಕಾರಣ ಕೇಳಿ ನೋಟೀಸು ಕೊಡ್ತಾರಂತೆ. ಕೊಡಲಿ, ಕೊಡಬೇಕಾದ್ದೇ. ಅದಕ್ಕೆ ಉತ್ತರ ನೀವೇ ಬರೀರಿ. ಆದ್ರೆ ಆ ಚೀಟಿ ಬರೆದ ಹಾಗೆ ಬರೀಬೇಕು. ಈಗ ಹೋಗಿ, ವ್ಯಾನು ಹೊರಡೋ ಮುಂಚೆ ನಿಮ್ಮಮ್ಮನ್ನ ಮಾತಾಡಿಸಿ," ಎಂದರು.

ವ್ಯಾನು ಸದನದ ಹಿಂಬಾಗಿಲಲ್ಲಿ ನಿಂತಿತ್ತು. ಹಿರಿಯರೆಲ್ಲ ಹತ್ತಿ ಕೂತು ಒಟ್ಟಿಗೆ ಮಾತಾಡುತ್ತಿದ್ದರು. ಗೆದ್ದು ಬಂದ ಆಟಗಾರರ ಬಸ್ಸಿನಷ್ಟು ಗದ್ದಲ. ಅವನನ್ನು ಕಂಡೊಡನೆ ಗದ್ದಲ ಇಳಿಯಿತು. ಅಮ್ಮನ ಕೇರಂ ಜೊತೆಗಾರ, ಒಂದು ಕಾಲಕ್ಕೆ ಔಷಧದ ಅಂಗಡಿ ಇಟ್ಟಿದ್ದ ಮುದುಕರು, ಕಿಟಕಿಯಿಂದ ತಲೆ ಹೊರಹಾಕಿ, "ಬಂದ್ರು ನೋಡಿ ಇಲಾಖೆ! ಏನಮ್ಮಾ, ಯಾರಿಗೂ ಹೇಳಿಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ, ಈಗೇನು ಹೇಳ್ತೀರಿ?" ಎಂದು ಛೇಡಿಸಿದರು. ಅಮ್ಮ ಕೊನೆಯ ಸೀಟಿನಲ್ಲಿ, ಕೋಲನ್ನು ಮಂಡಿಗಳ ನಡುವೆ ಹಿಡಿದುಕೊಂಡು, ಮುಖ ಊದಿಸಿಕೊಂಡು ಕೂತಿದ್ದಳು. ಅವನು ಹತ್ತಿ ಅವಳ ಪಕ್ಕದಲ್ಲಿ ಕೂತ.

"ಅಮ್ಮ, ನನಗೋಸ್ಕರ ಸುಳ್ಳು ಹೇಳಬಾರದಿತ್ತು," ಎಂದ.

"ಯಾರು ಸುಳ್ಳು ಹೇಳಿದ್ದು?" ಅಮ್ಮ ಕೋಲು ಕುಟ್ಟಿದಳು. "ನೀನು ಹೋಗಿ ಎಲ್ಲರೆದುರಿಗೆ ಚೀಟಿ ಕೊಟ್ಟು ನನ್ನ ಮರ್ಯಾದೆ ತೆಗೆದೆ. ಈಗ ಇವರೆಲ್ಲ ನನ್ನ ಸುಳ್ಳುಬುರುಕಿ ಅಂತಿದ್ದಾರೆ. ಆ ಅಂಗಡಿಯವರಂತೂ ಇನ್ನು ಕೇರಂ ಆಟದಲ್ಲಿ ನಾನು ಹೇಳಿದ ಒಂದು ಮಾತೂ ನಂಬಲ್ಲ."

"ನೀನು ನನಗೆ ಹೇಳಿದ್ದೆಯಲ್ಲಮ್ಮ. ಅಡುಗೆಮನೇಲಿ."

"ಹೇಳಿದ್ದೆ. ಇಲ್ಲ ಅಂದ್ನಾ? ಆ ವಕೀಲರು ಕೇಳಿದ್ದೇನು? ಸರ್ಕಾರಕ್ಕೆ ಹೇಳಿದ್ದೀರಾ ಅಂತ. ನಾನು ಯಾವಾಗಪ್ಪ ಸರ್ಕಾರಕ್ಕೆ ಹೇಳಿದ್ದೆ?" ಅವಳ ದನಿ ಸ್ವಲ್ಪ ಇಳಿಯಿತು. "ನಾನು ಹೇಳಿದ್ದು ಮಗನಿಗೆ. ಮಗ ಕೇಳಿಸ್ಕೊಳ್ಳಲಿಲ್ಲ ಅನ್ನೋದನ್ನ ಊರಿಗೆಲ್ಲ ಯಾಕೆ ಹೇಳ್ಲಿ?"

ಔಷಧದಂಗಡಿಯ ಮುದುಕರು ಕಿಟಕಿಯ ಕಡೆ ತಿರುಗಿ ಗಾಜು ಒರೆಸತೊಡಗಿದರು. ಇಷ್ಟು ಹೊತ್ತು ತಾನು ಸರ್ಕಾರವೋ ಅಲ್ಲವೋ ಎಂದು ತಲೆ ಕೆಡಿಸಿಕೊಂಡಿದ್ದವನಿಗೆ, ಆ ಬೆಳಗ್ಗೆ ಸಿಂಕಿನ ಮುಂದೆ ನಿಂತಿದ್ದವನು ಅಮ್ಮನ ಮಗನೆಂಬುದು ಹೊಳೆದೇ ಇರಲಿಲ್ಲ. ಅಮ್ಮನ ಕೈ ಹಿಡಿದುಕೊಂಡ. ಸೋಪಿನಲ್ಲಿ ನೆನೆದು ನೆನೆದು ಎಂದೋ ಸುಕ್ಕಾಗಿ ಹಾಗೆಯೇ ಉಳಿದ ಬೆರಳುಗಳು. ಡ್ರೈವರು ವ್ಯಾನು ಶುರು ಮಾಡಿ, "ಸಾಹೇಬ್ರು ಇಳೀತಾರಾ?" ಎಂದು ಕೂಗಿದ.

"ಇಲ್ಲ, ನಡೀರಿ," ಎಂದ ಅವನು. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದ, "ಇನ್ನೇನಾದ್ರೂ ಇದೆಯಾ ಅಮ್ಮ, ನನಗೆ ಹೇಳಿದ್ದು?"

"ಇಲ್ದೆ ಏನು?" ಎಂದಳು ಅಮ್ಮ. ಊದಿದ್ದ ಮುಖ ಬಿಚ್ಚಿಕೊಳ್ಳುತ್ತಿತ್ತು. ಕೋಲನ್ನು ಪಕ್ಕಕ್ಕಿಟ್ಟು, ಸ್ವೆಟರು ಸರಿಮಾಡಿಕೊಂಡು, ಸರಿಯಾಗಿ ಅವನ ಕಡೆ ತಿರುಗಿ ಕೂತಳು. "ಮೊದಲನೇದು, ನೀನು ಊಟ ಮಾಡ್ತಾ ಮೊಬೈಲು ನೋಡೋದು. ಎರಡನೇದು, ನಿನ್ನ ಹೆಂಡತಿ ಬೆನ್ನು ನೋವು ಅಂತ ಯಾವತ್ತಿಂದ ಹೇಳ್ತಿದ್ದಾಳೆ ಗೊತ್ತಾ? ನನ್ನ ಎತ್ತಿ ಎತ್ತಿ ಬಂದಿದ್ದು ಅದು. ನಿನಗೆ ಹೇಳಿದ್ಲಂತೆ, ನೀನು ಹೂಂ ಅಂದ್ಯಂತೆ..." ವ್ಯಾನು ತಿರುವಿನಲ್ಲಿ ಎಲ್ಲರನ್ನೂ ಒಂದು ಪಕ್ಕಕ್ಕೆ ವಾಲಿಸಿತು, ಮುಂದಿನ ಸೀಟಿನವರು ಕಿರುಚಿ ನಕ್ಕರು, ಅಮ್ಮನ ಮಾತು ನಿಲ್ಲಲಿಲ್ಲ. ಅವನು ಒಂದಕ್ಕೂ ಉತ್ತರ ಕೊಡಲಿಲ್ಲ. ಕೇಳಿಸಿಕೊಂಡ.